ಮೊಬೈಲ್‌ನಲ್ಲೇ ಸುದ್ದಿ ಸಿಗುವಾಗ ಜಿಲ್ಲೆಯ ಪತ್ರಿಕೆ ಯಾಕೆ ಓದಬೇಕು?

ಸುದ್ದಿಯೆಲ್ಲ ಕೈಯಲ್ಲೇ ಇರುವಾಗ ಜಿಲ್ಲಾ ಪತ್ರಿಕೆ ಓದಿದರೆ ನಾಗರಿಕನಿಗೆ ಏನು ಲಾಭ ಎಂದು ಕೇಳಿದ್ದೀರಿ. ಮುಖಪುಟದ ಮಟ್ಟಿಗೆ ನಿಮ್ಮ ಮಾತು ಸರಿ, ಅದರಲ್ಲಿರುವುದು ಹಿಂದಿನ ರಾತ್ರಿಯೇ ಗೊತ್ತಾಗಿರುತ್ತದೆ. ನಾನು ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರಹಗಾರ. ಪೇಪರ್ ಬಂದ ಕೂಡಲೇ ನಾನು ತೆರೆಯುವುದು ಒಳಪುಟದ ‘ಸಾರ್ವಜನಿಕ ಪ್ರಕಟಣೆ’ಗಳನ್ನು.

ನಾಲ್ಕು ಬೆರಳಗಲದ ಚೌಕ, ಕನ್ನಡಕ ಬೇಡುವ ಅಕ್ಷರ. ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ. ಕೆಳಗೆ ವಕೀಲರ ಒಕ್ಕಣೆ: ನಮ್ಮ ಕಕ್ಷಿದಾರರು ಈ ಸ್ವತ್ತನ್ನು ಕ್ರಯಕ್ಕೆ ಪಡೆಯಲಿದ್ದು, ಯಾರದಾದರೂ ತಕರಾರಿದ್ದಲ್ಲಿ 7 ದಿನಗಳೊಳಗೆ ತಿಳಿಸತಕ್ಕದ್ದು. ಪಿತ್ರಾರ್ಜಿತ ಜಮೀನನ್ನು ಅಣ್ಣ ಒಬ್ಬನೇ ಮಾರಲು ಹೊರಟಿದ್ದಾನೆಂದು ಮದುವೆಯಾಗಿ ಹೋದ ತಂಗಿಗೆ ಗೊತ್ತಾಗುವುದು ಎಷ್ಟೋ ಸಲ ಇದರಿಂದಲೇ. ಏಳು ದಿನ ಕಳೆದ ಮಾತ್ರಕ್ಕೆ ಆಕೆಯ ಪಾಲು ಹೋಗುವುದಿಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಸಮಪಾಲು ಕೊಟ್ಟಿದೆ. ಆದರೆ ನೋಂದಣಿ ಆಗುವ ಮೊದಲು ತಡೆಯುವುದಕ್ಕೂ ಆದಮೇಲೆ ಕೋರ್ಟಿಗೆ ಅಲೆಯುವುದಕ್ಕೂ ಬಹಳ ಅಂತರವಿದೆ.

ಸರ್ಕಾರದ ವಿಷಯಕ್ಕೆ ಬಂದರೆ, 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಆ ಭಾಗದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ ಬರಬೇಕು, ಒಂದು ಪ್ರಾದೇಶಿಕ ಭಾಷೆಯದ್ದಾಗಿರಬೇಕು. ಆಕ್ಷೇಪಣೆಗೆ 60 ದಿನ. (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ, ಅಂದರೆ ಕೆಐಎಡಿಬಿಯ, ಭೂಸ್ವಾಧೀನ 1966ರ ಬೇರೆ ಕಾಯ್ದೆಯಡಿ ನಡೆಯುತ್ತದೆ, ಎರಡನ್ನೂ ಬೆರೆಸಬೇಡಿ.) ಗಣಿ, ದೊಡ್ಡ ಕಾರ್ಖಾನೆಗಳ ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯುವುದಾದರೆ, 2006ರ ಅಧಿಸೂಚನೆಯಂತೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಆ ಸಭೆಗೆ ಕೋರಂ ಇಲ್ಲ. ಹತ್ತೇ ಜನ ಬಂದರೂ ಸಭೆ ನಡೆಯಿತೆಂದೇ ದಾಖಲಾಗುತ್ತದೆ.

ಇವೆಲ್ಲ ವೆಬ್‌ಸೈಟಲ್ಲೂ ಇರುತ್ತವಲ್ಲ ಅನ್ನಬಹುದು. ಇರುತ್ತವೆ. ಆದರೆ ಮೊಬೈಲ್ ಕೊಡುವುದು ನೀವು ಹುಡುಕಿದ್ದನ್ನು, ಇಲ್ಲವೇ ನಿಮಗೆ ರುಚಿಸುವುದನ್ನು. ಪಕ್ಕದ ಹೋಬಳಿಯ ಸರ್ವೆ ನಂಬರನ್ನು ಇವತ್ತು ಹುಡುಕಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ? ಪೇಪರ್ ಮಗುಚುವಾಗ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಹಾಗಂತ ಪತ್ರಿಕೆಗಳೇನೂ ಸಾಚಾ ಅಲ್ಲ. ಶಾಸಕರ ಹುಟ್ಟುಹಬ್ಬಕ್ಕೆ ಪುಟಗಟ್ಟಲೆ ಶುಭಾಶಯದ ಜಾಹೀರಾತು ಹಾಕಿದ ಪತ್ರಿಕೆ ಮರುದಿನ ಅವರ ಕ್ಷೇತ್ರದ ಕಳಪೆ ರಸ್ತೆಯ ಬಗ್ಗೆ ಎಷ್ಟು ಜೋರಾಗಿ ಬರೆದೀತು? ಅದಕ್ಕೇ ನಾನು ಒಂದನ್ನೇ ನಂಬುವುದಿಲ್ಲ. ರಾಜ್ಯಮಟ್ಟದ ಪತ್ರಿಕೆಯ ಜಿಲ್ಲಾ ಪುಟದ ಜೊತೆಗೆ ಊರಿನದೇ ಒಂದನ್ನು ನೋಡುತ್ತೇನೆ. ಮೈಸೂರಿಗೆ ‘ಆಂದೋಲನ’, ಮಡಿಕೇರಿಗೆ ‘ಶಕ್ತಿ’, ದಾವಣಗೆರೆಗೆ ‘ಜನತಾವಾಣಿ’ ಇದ್ದಂತೆ ನಿಮ್ಮಲ್ಲೂ ಒಂದಿರಬಹುದು. ಪುರಸಭೆ ಸಭೆಯಲ್ಲಿ ಯಾವ ಸದಸ್ಯ ಯಾವುದಕ್ಕೆ ಎದ್ದು ನಿಂತ, ಯಾವುದಕ್ಕೆ ಬಾಯಿ ಬಿಡಲಿಲ್ಲ ಎಂಬುದು ಅಂಥವುಗಳಲ್ಲೇ ಬರುವುದು.

ದುಡ್ಡಿನ ಚಿಂತೆಯಾದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಓದಿ. ನಿಮಗೆ ಸಂಬಂಧಪಟ್ಟ ಪ್ರಕಟಣೆ ಕಂಡರೆ ಪತ್ರಿಕೆಯ ಹೆಸರು, ದಿನಾಂಕ, ಪುಟ ಕಾಣುವಂತೆ ಫೋಟೋ ತೆಗೆದುಕೊಳ್ಳಿ. ತಕರಾರನ್ನು ಫೋನಲ್ಲಿ ಹೇಳಿ ಸುಮ್ಮನಾಗದೆ ಬರೆದು ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಜೋಪಾನ.