ಚಳಿಗಾಲ ಮತ್ತು ಫಿಂಚ್ ಮರಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಿಟ್‌ಔಟ್‌ನಲ್ಲಿರುವ 6 ಅಡಿ ಉದ್ದದ ಏವಿಯರಿಯಲ್ಲಿ (ದೊಡ್ಡ ಹಕ್ಕಿಪಂಜರ) ನಾಲ್ಕು ಜೊತೆ ಜೀಬ್ರಾ ಫಿಂಚ್ ಇವೆ. ಡಿಸೆಂಬರ್‌ನಲ್ಲಿ ಎರಡು ಹೆಣ್ಣು ಹಕ್ಕಿಗಳು ನೆಲದಲ್ಲಿ ಪುಕ್ಕ ಉಬ್ಬಿಸಿ ಕೂತು, ಬಾಲ ಆಡಿಸುತ್ತಾ ಮಾರನೇ ದಿನ ಸತ್ತವು. ಬಲ್ಬ್ ಹಾಕಿದ್ದೆವು. ಆದರೂ ಚಳಿ ತಡೆಯಲಿಲ್ಲವೇ?
– ಓದುಗರು, ಮೂಡಿಗೆರೆ

ಉತ್ತರ: ನೀವು ಹೇಳುವ ಲಕ್ಷಣ ಮೊಟ್ಟೆ ಸಿಕ್ಕಿಕೊಂಡಿದ್ದರದ್ದು. ಚಳಿ ಅದಕ್ಕೆ ಅರ್ಧ ಕಾರಣ ಅಷ್ಟೆ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಸುಣ್ಣದಂಶ ಬೇಕು, ಮೊಟ್ಟೆಯನ್ನು ಹೊರದಬ್ಬುವ ಸ್ನಾಯುವಿಗೂ ಬೇಕು. ಅದು ಮೈಗೆ ಹಿಡಿಯಲು ಬಿಸಿಲಿನಿಂದ ಸಿಗುವ ವಿಟಮಿನ್ ಡಿ3 ಬೇಕು. ಮಂಜಿನ ದಿನಗಳಲ್ಲಿ, ಅದೂ ಸುತ್ತ ಪ್ಲಾಸ್ಟಿಕ್ ಹಾಳೆ ಬಿಟ್ಟ ಏವಿಯರಿಯಲ್ಲಿ, ಹಕ್ಕಿಗೆ ನೇರ ಬಿಸಿಲು ತಾಗುವುದೇ ಇಲ್ಲ. ಹೀಗಾಗಿ ಮಂಜು ಕರಗಿದ ಕೂಡಲೇ ಬಿಸಿಲು ಬೀಳುವ ಕಡೆಯ ಹಾಳೆಯನ್ನು ಸುತ್ತಿ ಮೇಲೆ ಕಟ್ಟಿ. ಸುಣ್ಣದಂಶಕ್ಕೆ ಹಕ್ಕಿ ಕುಕ್ಕುವ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಸದಾ ಇರಲಿ. ಹತ್ತು ನಿಮಿಷ ಕುದಿಸಿ, ಒಣಗಿಸಿ, ರವೆಯಂತೆ ಪುಡಿ ಮಾಡಿದ ಕೋಳಿಮೊಟ್ಟೆ ಚಿಪ್ಪನ್ನು ಬೇರೆ ಬಟ್ಟಲಲ್ಲಿ ಇಡಿ. ಗೂಡು ಕೊಡುವ ಎರಡು ವಾರ ಮೊದಲೇ ಇದನ್ನೆಲ್ಲ ಶುರು ಮಾಡಬೇಕು, ಮೊಟ್ಟೆ ಕಂಡ ಮೇಲಲ್ಲ.

ಇನ್ನೊಂದು ಹಕ್ಕಿ ಹಾಗೆ ಕೂತರೆ ಚಿಕ್ಕ ಪೆಟ್ಟಿಗೆಯಲ್ಲಿ 30ರಿಂದ 32 ಡಿಗ್ರಿ ಶಾಖ ಕೊಟ್ಟು, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟು, ತಡ ಮಾಡದೆ ಪಶುವೈದ್ಯರಿಗೆ ತೋರಿಸಿ. ಹೊಟ್ಟೆ ಒತ್ತಿ ಮೊಟ್ಟೆ ತೆಗೆಯಲು ಹೋಗಬೇಡಿ. ಒಳಗೇ ಒಡೆದರೆ ಹಕ್ಕಿ ಉಳಿಯುವುದು ಕಷ್ಟ.

ಬಲ್ಬಿನ ವಿಚಾರ. ಏವಿಯರಿಯನ್ನು 25 ಡಿಗ್ರಿಗೆ ಕಾಯಿಸಿ, ನಡುರಾತ್ರಿ ಕರೆಂಟ್ ಹೋದರೆ ಶಾಖ ಒಮ್ಮೆಗೇ ಬೀಳುತ್ತದೆ. ಒಂದೇ ಸಮನೆ ಇರುವ ಚಳಿಗಿಂತ ಇದು ಕೆಟ್ಟದ್ದು. ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟ್ಯಾಟನ್ನು 16–18 ಡಿಗ್ರಿಗೆ ಇಟ್ಟರೆ ಸಾಕು. ಅದಕ್ಕಿಂತ ಮೊದಲು ಗಾಳಿ ತಡೆಯಿರಿ: ಮೂರು ಬದಿ, ಮೇಲ್ಭಾಗ ಮುಚ್ಚಿ, ಎದುರಿನ ಬದಿಯ ಮೇಲಂಚಿನಲ್ಲಿ ನಾಲ್ಕೈದು ಇಂಚು ತೆರೆದಿರಲಿ. ಪೂರ್ತಿ ಮುಚ್ಚಿದರೆ ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಕೆಂಡದ ಕುಂಪಟಿಯಂತೂ ಹತ್ತಿರವೂ ಬೇಡ, ಅದರ ಕಾರ್ಬನ್ ಮಾನಾಕ್ಸೈಡ್ ಮನುಷ್ಯರಿಗಿಂತ ಮೊದಲು ಹಕ್ಕಿಗಳನ್ನು ಕೊಲ್ಲುತ್ತದೆ.

ಪ್ರಶ್ನೆ: ಮರಿಗಳು ಒಂಬತ್ತು ಹತ್ತು ದಿನ ಚೆನ್ನಾಗಿದ್ದು, ಒಂದು ಬೆಳಿಗ್ಗೆ ಗೂಡಲ್ಲೇ ಸತ್ತಿರುತ್ತವೆ. ಗಂಟಲ ಚೀಲದಲ್ಲಿ ಕಾಳು ತುಂಬಿರುತ್ತದೆ. ಯಾಕೆ?
– ಓದುಗರು, ಸಕಲೇಶಪುರ

ಉತ್ತರ: ಚೀಲ ತುಂಬಿದೆ ಎಂದರೆ ತಂದೆತಾಯಿ ತಿನ್ನಿಸಿವೆ, ಅವುಗಳ ತಪ್ಪಿಲ್ಲ. ಮೈ ತಣ್ಣಗಾದರೆ ಮರಿಗೆ ಜೀರ್ಣವೇ ಆಗುವುದಿಲ್ಲ. ಹತ್ತನೇ ದಿನದ ಆಸುಪಾಸಿನಲ್ಲಿ ಹಿರಿಯವು ರಾತ್ರಿ ಮರಿಗಳ ಮೇಲೆ ಕೂರುವುದನ್ನು ಬಿಡುತ್ತವೆ. ಆಗ ಮರಿಯ ರೆಕ್ಕೆಯಲ್ಲಿ ಪುಕ್ಕದ ಕಡ್ಡಿಗಳಷ್ಟೇ ಇರುತ್ತವೆ, ಬಿಚ್ಚಿರುವುದಿಲ್ಲ. ಐದು ಮರಿ ಒತ್ತಿಕೊಂಡಿದ್ದರೆ ಬದುಕುತ್ತವೆ, ಎರಡೇ ಇದ್ದರೆ ಬೇಗ ತಣ್ಣಗಾಗುತ್ತವೆ. ವಯಸ್ಸಿನಲ್ಲಿ ಒಂದೆರಡು ದಿನದ ವ್ಯತ್ಯಾಸ ಇರುವ ಮರಿಗಳನ್ನು ಒಂದೇ ಗೂಡಿಗೆ ಸೇರಿಸಿ. ಜೀಬ್ರಾ ಫಿಂಚ್ ಸಾಮಾನ್ಯವಾಗಿ ಬೇರೆ ಮರಿಯನ್ನು ದೂಡುವುದಿಲ್ಲ.

ಗೂಡಿಗೆ ಮಣ್ಣಿನ ಕುಡಿಕೆ ಬಿಟ್ಟು, ದಪ್ಪ ಪ್ಲೈವುಡ್‌ನ ಐದಿಂಚು ಚೌಕದ ಪೆಟ್ಟಿಗೆ ಹಾಕಿ. ತಳಕ್ಕೆ ಒಂದೂವರೆ ಇಂಚು ತೆಂಗಿನ ನಾರು ಒತ್ತಿ. ನಾರನ್ನು ಎರಡು ಮೂರು ಇಂಚಿಗೆ ಕತ್ತರಿಸಿರಬೇಕು, ಉದ್ದ ಇದ್ದರೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಡಿಸೆಂಬರ್‌ನಲ್ಲಿ ಹಗಲು ಹನ್ನೊಂದೂವರೆ ಗಂಟೆಯಷ್ಟೇ. ಬೆಳಿಗ್ಗೆ ಐದೂವರೆಗೇ ದೀಪ ಹಾಕಿದರೆ ತಿನ್ನಿಸುವ ಹೊತ್ತು ಹೆಚ್ಚುತ್ತದೆ. ಸಂಜೆ ದೀಪ ಉರಿಸಿ ತಟ್ಟನೆ ಆರಿಸಿದರೆ ಹೆಣ್ಣು ಗೂಡಿನ ಹೊರಗೇ ಕತ್ತಲಲ್ಲಿ ಉಳಿಯುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ಮೊಳಕೆ ನವಣೆ, ಬೇಯಿಸಿದ ಮೊಟ್ಟೆ ಕೊಡಿ, ಉಳಿದದ್ದನ್ನು ಎರಡು ಗಂಟೆಯಲ್ಲಿ ತೆಗೆಯಿರಿ.

ಗೌಲ್ಡಿಯನ್ ಫಿಂಚ್ ಇದ್ದರೆ ಚಳಿಯಲ್ಲಿ ಮರಿ ಮಾಡಿಸುವ ಕಸರತ್ತೇ ಬೇಡ. ಅವು ಮರಿಗಳ ಮೇಲೆ ಕೂರುವುದನ್ನು ಇನ್ನೂ ಬೇಗ ಬಿಡುತ್ತವೆ. ಫೆಬ್ರವರಿ ಮುಗಿಯುವವರೆಗೆ ಗೂಡು ಕೊಡಬೇಡಿ.

ಪ್ರಶ್ನೆ: ಗದ್ದೆಯಲ್ಲಿ ಬರುವ ರಾಟವಾಳಗಳನ್ನು (ಮುನಿಯಾ ಹಕ್ಕಿ) ಹಿಡಿದು ಸಾಕಬಹುದೇ? ಚಳಿಗೆ ಅವೇ ಗಟ್ಟಿಯಲ್ಲವೇ?
– ಓದುಗರು, ಬೇಲೂರು

ಉತ್ತರ: ಗಟ್ಟಿ ಹೌದು, ಹಿಡಿಯುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕ್ಕೆ ಅನ್ವಯಿಸುತ್ತದೆ. ಹಾಗೇ ಗಟ್ಟಿಯಾದ, ಮರಿ ಸಾಕುವುದರಲ್ಲಿ ನಂಬಿಗಸ್ತ ಹಕ್ಕಿ ಬೇಕಿದ್ದರೆ ಸಾಕುತಳಿಯ ಬೆಂಗಾಲೀಸ್ ಫಿಂಚ್ ತನ್ನಿ.