ಸಂಪಾದಕರ ಉತ್ತರ: ಸೊನ್ನೆಗೆ ಸೊನ್ನೆ ಕೂಡಿಸಿದಾಗ

ಮಾನ್ಯರೇ,

ಮಾಲಿನ್ಯಕಾರಕಗಳ ಮಿಶ್ರಣ ಜೀವಕೋಶಗಳಿಗೆ ಮಾಡುವ ಹಾನಿಯ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ತಾವು ಬರೆದ ಪತ್ರ ತಲುಪಿದೆ. ನೀರಿನಲ್ಲಿರುವ ಒಂದೊಂದು ರಾಸಾಯನಿಕವೂ ತನ್ನ ಮಿತಿಯೊಳಗೇ ಇದೆಯೆಂದು ಪರೀಕ್ಷಾ ವರದಿ ಹೇಳುವಾಗ, ಅವೆಲ್ಲ ಸೇರಿದರೆ ಅಪಾಯವೆನ್ನುವುದು ಓದುಗರನ್ನು ಸುಮ್ಮನೆ ಹೆದರಿಸಿದಂತಲ್ಲವೇ ಎಂದು ತಾವು ಆಕ್ಷೇಪಿಸಿದ್ದೀರಿ. "ಸೊನ್ನೆಗೆ ಎಷ್ಟು ಸೊನ್ನೆ ಕೂಡಿಸಿದರೂ ಸೊನ್ನೆಯೇ ತಾನೇ?" ಎಂಬುದು ತಮ್ಮ ಮಾತು. ಅನುಮಾನವಿದ್ದರೆ ಎಲ್ಲ ಮಿಶ್ರಣಗಳನ್ನೂ ಪರೀಕ್ಷಿಸಿಬಿಡಬಾರದೇಕೆ ಎಂದೂ ಕೇಳಿದ್ದೀರಿ. ಎರಡೂ ನ್ಯಾಯವಾದ ಪ್ರಶ್ನೆಗಳಾದ್ದರಿಂದ ತುಸು ದೀರ್ಘವಾಗಿಯೇ ಉತ್ತರಿಸುತ್ತೇನೆ.

ತಮ್ಮ ಗಣಿತ ಸರಿಯಾಗಿದೆ. ಆದರೆ ವರದಿಯಲ್ಲಿ "ಪರಿಣಾಮ ಕಂಡುಬರಲಿಲ್ಲ" ಎಂದು ಬರೆದದ್ದನ್ನು ಸೊನ್ನೆಯೆಂದು ಓದಿಕೊಳ್ಳಲಾಗದು. ಜೀವಕೋಶಗಳ ಪರೀಕ್ಷೆ ನಡೆಯುವ ಬಗೆಯನ್ನು ನೋಡಿ. 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿ, ಬೇರೆ ಬೇರೆ ಗುಳಿಗಳಿಗೆ ಬೇರೆ ಬೇರೆ ಸಾಂದ್ರತೆಯಲ್ಲಿ ರಾಸಾಯನಿಕವನ್ನು ಹಾಕಿ, ಒಂದೆರಡು ದಿನಗಳ ನಂತರ ಎಂಟಿಟಿ ಎಂಬ ಹಳದಿ ವಸ್ತುವನ್ನು ಸೇರಿಸುತ್ತಾರೆ. ಬದುಕಿರುವ ಕೋಶಗಳ ಕಿಣ್ವಗಳು ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತವೆ. ನೇರಳೆ ಗಾಢವಾದಷ್ಟೂ ಹೆಚ್ಚು ಕೋಶಗಳು ಉಳಿದಿವೆ ಎಂದು ಲೆಕ್ಕ. ಆದರೆ ಯಾವ ವಿಷವನ್ನೂ ಹಾಕದ ಗುಳಿಗಳಲ್ಲಿಯೂ ಬಣ್ಣ ಒಂದೇ ಸಮನಾಗಿ ಇರುವುದಿಲ್ಲ. ಈ ಸಹಜ ಏರಿಳಿತದೊಳಗೆ ನೂರಕ್ಕೆ ಎರಡೋ ಮೂರೋ ಕೋಶಗಳ ಸಾವು ಕಣ್ಣಿಗೆ ಬೀಳದೆ ಅಡಗಿಹೋಗಬಹುದು.

ಒಂದು ವಿಷವನ್ನು ಹತ್ತು ಸೀಸೆಗಳಿಗೆ ಹಂಚಿ, ಸೀಸೆಗೊಂದು ಹೆಸರಿನ ಚೀಟಿ ಅಂಟಿಸಿದೆವೆಂದು ಊಹಿಸಿಕೊಳ್ಳಿ. ಪ್ರತಿ ಸೀಸೆಯಲ್ಲಿರುವುದೂ ಹಾನಿಯ ಮಟ್ಟದ ಹತ್ತನೆಯ ಒಂದು ಪಾಲು ಮಾತ್ರ; ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಎಲ್ಲವೂ ತೇರ್ಗಡೆಯಾಗುತ್ತವೆ. ಹತ್ತನ್ನೂ ಒಟ್ಟಿಗೆ ಸುರಿದಾಗ ಮಾತ್ರ ಪೂರ್ಣ ವಿಷ ಎದುರಾಗುತ್ತದೆ. ಹೆಸರು ಬೇರೆಯಾದರೂ ಜೀವಕೋಶದೊಳಗೆ ಒಂದೇ ಬಗೆಯಲ್ಲಿ ಕೆಲಸ ಮಾಡುವ ವಸ್ತುಗಳನ್ನು ಹೀಗೆ ಒಂದೇ ವಿಷದ ಪಾಲುಗಳೆಂದು ಎಣಿಸಬೇಕೆಂಬ ವಿಚಾರವನ್ನು ಲೋವೆ ಮತ್ತು ಮ್ಯೂಶ್ನೆಕ್ ಎಂಬ ವಿಜ್ಞಾನಿಗಳು 1926ರಲ್ಲಿಯೇ ಮಂಡಿಸಿದ್ದರು. 2002ರಲ್ಲಿ ಲಂಡನ್ನಿನ ಸಂಶೋಧಕರು ಇದನ್ನು ನೇರವಾಗಿ ಒರೆಗೆ ಹಚ್ಚಿದರು. ಮನುಷ್ಯರ ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕದ (ಅದನ್ನು ಗುರುತಿಸಿ ಹಿಡಿಯುವ ಪ್ರೋಟೀನಿನ) ಜೀನನ್ನು ಸೇರಿಸಿದ ಯೀಸ್ಟ್ ಕೋಶಗಳಿಗೆ, ಬಿಸ್ಫಿನಾಲ್ ಎ ಸೇರಿದಂತೆ ಆ ಹಾರ್ಮೋನನ್ನು ದುರ್ಬಲವಾಗಿ ಅನುಕರಿಸುವ ಎಂಟು ವಸ್ತುಗಳನ್ನು, ಒಂದೊಂದೂ ಪರಿಣಾಮ ಕಾಣದ ಮಟ್ಟಕ್ಕಿಂತ ಕೆಳಗಿರುವಂತೆ ಬೆರೆಸಿ ಕೊಟ್ಟರು. ಆ ಮಿಶ್ರಣಕ್ಕೆ ಕೋಶಗಳು ಸ್ಪಷ್ಟವಾಗಿ ಸ್ಪಂದಿಸಿದವು. ತಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ.

ಹಾಗೆಂದು ತಮ್ಮ ಮಾತು ಎಲ್ಲೆಡೆಯೂ ಸಲ್ಲದೆಂದಲ್ಲ. ಒಂದು ವಸ್ತು ಕೋಶದ ಪೊರೆಯನ್ನೂ ಇನ್ನೊಂದು ಡಿಎನ್‌ಎಯನ್ನೂ ಕೆಡಿಸುವುದಾದರೆ ಅವುಗಳನ್ನು ಒಂದೇ ವಿಷದ ಪಾಲುಗಳೆಂದು ಎಣಿಸಲಾಗದು. ಇಂಥ ಕಡೆಗಳಲ್ಲಿ 1939ರಲ್ಲಿ ಬ್ಲಿಸ್ ಎಂಬ ವಿಜ್ಞಾನಿ ಸೂಚಿಸಿದ ಲೆಕ್ಕ ನಡೆಯುತ್ತದೆ: ಮೊದಲನೆಯದು ನೂರರಲ್ಲಿ 90 ಕೋಶಗಳನ್ನು, ಎರಡನೆಯದು 80 ಕೋಶಗಳನ್ನು ಉಳಿಸುವುದಾದರೆ, ಎರಡೂ ಸೇರಿದಾಗ ಉಳಿಯುವುದು ಆ 90ರಲ್ಲಿ ನೂರಕ್ಕೆ 80ರಂತೆ 72. ಇಲ್ಲಿ ನಿಜವಾದ ಸೊನ್ನೆಗಳು ಕೂಡಿದರೆ ಸೊನ್ನೆಯೇ ಬರುತ್ತದೆ. ಜರ್ಮನಿಯ ಸಂಶೋಧಕರು ಹಸಿರು ಪಾಚಿಯ ಏಕಕೋಶಗಳ ಮೇಲೆ ಎರಡು ಲೆಕ್ಕಗಳನ್ನೂ ಪರೀಕ್ಷಿಸಿದ್ದಾರೆ. ಒಂದೇ ಬಗೆಯಲ್ಲಿ ವರ್ತಿಸುವ 18 ಕಳೆನಾಶಕಗಳ ಮಿಶ್ರಣಕ್ಕೆ ಲೋವೆಯ ಲೆಕ್ಕ ಹೊಂದಿತು. ಬೇರೆ ಬೇರೆ ಬಗೆಯಲ್ಲಿ ವರ್ತಿಸುವ 16 ವಸ್ತುಗಳ ಮಿಶ್ರಣಕ್ಕೆ ಬ್ಲಿಸ್‌ನ ಲೆಕ್ಕ ಹೊಂದಿತು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ವಿಷಗಳು ಬೆರೆತಾಗ ಹಾನಿ ಸದಾ ಗುಣಾಕಾರವಾಗಿ ಬೆಳೆಯುತ್ತದೆ ಎಂಬ ಅರ್ಥದ ವಾಕ್ಯವೊಂದು ಆ ಲೇಖನದಲ್ಲಿ ಉಳಿದುಕೊಂಡಿತ್ತು, ಅದು ಸರಿಯಲ್ಲ. ಬಹುಪಾಲು ಮಿಶ್ರಣಗಳ ನಡತೆ ಮೇಲಿನ ಲೆಕ್ಕಗಳಿಂದ ಹೆಚ್ಚು ದೂರ ಹೋಗುವುದಿಲ್ಲ. ಕೆಲವೊಮ್ಮೆ ಒಂದು ವಸ್ತು ಇನ್ನೊಂದರ ವಿಷವನ್ನು ತಗ್ಗಿಸುವುದೂ ಉಂಟು; ಪಾದರಸದ ಎದುರು ಸೆಲೆನಿಯಂ ಹಾಗೆ ವರ್ತಿಸುತ್ತದೆ. ಆದರೆ ಗುಣಾಕಾರದಂತೆ ವರ್ತಿಸುವ ಮಿಶ್ರಣಗಳೂ ಇವೆ, ಮತ್ತು ಅವುಗಳಿಗೆ ಮನುಷ್ಯರು ಪ್ರಾಣ ತೆತ್ತಿದ್ದಾರೆ. 1976ರಲ್ಲಿ ಪಾಕಿಸ್ತಾನದ ಮಲೇರಿಯಾ ನಿಯಂತ್ರಣ ಕಾರ್ಯದಲ್ಲಿ ಮ್ಯಾಲಥಿಯಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದ ಕೆಲಸಗಾರರಲ್ಲಿ ಸಾವಿರಾರು ಮಂದಿ ವಿಷಬಾಧೆಗೆ ಒಳಗಾಗಿ ಐವರು ಮೃತಪಟ್ಟರು. ಮ್ಯಾಲಥಿಯಾನನ್ನು ನಮ್ಮ ದೇಹದ ಒಂದು ಕಿಣ್ವ ಬೇಗನೆ ಒಡೆದು ನಿರುಪದ್ರವಗೊಳಿಸುತ್ತದೆ; ಆ ಕೀಟನಾಶಕದಲ್ಲಿ ಬೆರೆತಿದ್ದ ಐಸೊಮ್ಯಾಲಥಿಯಾನ್ ಎಂಬ ಕಲ್ಮಷ ಆ ಕಿಣ್ವವನ್ನೇ ತಡೆದುಬಿಟ್ಟಿತ್ತು. ಕಾವಲುಗಾರನನ್ನು ಕಟ್ಟಿಹಾಕಿದ ಮೇಲೆ ಚಿಕ್ಕ ಕಳ್ಳನೂ ಮನೆ ದೋಚಬಲ್ಲ.

ಇನ್ನು ಎಲ್ಲ ಮಿಶ್ರಣಗಳನ್ನೂ ಪರೀಕ್ಷಿಸುವ ಸಲಹೆ. ಕೇವಲ 20 ವಸ್ತುಗಳನ್ನು ತೆಗೆದುಕೊಂಡರೂ ಎರಡೆರಡರ ಜೋಡಿಗಳು 190 ಆಗುತ್ತವೆ; ಎರಡು ಅಥವಾ ಹೆಚ್ಚು ವಸ್ತುಗಳ ಎಲ್ಲ ಕೂಟಗಳನ್ನೂ ಎಣಿಸಿದರೆ 10,48,555. ಇದೂ ಒಂದೊಂದು ವಸ್ತುವಿಗೆ ಒಂದೇ ಪ್ರಮಾಣವನ್ನು ಇಟ್ಟುಕೊಂಡಾಗಿನ ಸಂಖ್ಯೆ. ಆದ್ದರಿಂದ ಸಂಶೋಧಕರು ದಾರಿಯನ್ನು ತಿರುವುಮುರುವಾಗಿಸಿದ್ದಾರೆ: ನೀರಿನ ಮಾದರಿಯ ಸಾರವನ್ನು ಇಡಿಯಾಗಿ ಜೀವಕೋಶಗಳ ಮೇಲೆ ಹಾಕಿ, ಹಾನಿ ಕಂಡರೆ ಸಾರವನ್ನು ಭಾಗ ಭಾಗವಾಗಿ ಬೇರ್ಪಡಿಸಿ, ಹಾನಿ ಯಾವ ಭಾಗದೊಂದಿಗೆ ಹೋಯಿತೆಂದು ಬೆನ್ನು ಹತ್ತುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಮಳೆ ಬಂದ ಬಳಿಕ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದುದರ ಕಾರಣ 2020ರಲ್ಲಿ ಬಯಲಾದದ್ದು ಹೀಗೆ, ಮೀನುಗಳ ಮೇಲೆಯೇ ಮಾಡಿದ ಇಂಥ ಶೋಧದಿಂದ. ವಾಹನಗಳ ಟೈರಿನಲ್ಲಿ ಬಳಸುವ ರಾಸಾಯನಿಕವೊಂದು ಓಝೋನ್ ತಾಗಿ ಮಾರ್ಪಟ್ಟು ಆದ ವಸ್ತುವೇ ಆ ಕಾರಣ. ಅಲ್ಲಿಯವರೆಗೆ ಯಾವ ಪರೀಕ್ಷಾ ಪಟ್ಟಿಯಲ್ಲಿಯೂ ಅದರ ಹೆಸರಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕೆಂದು ನನ್ನ ವಿನಂತಿ.

ತಟ್ಟೆಯಲ್ಲಿ ಬೆಳೆದ ಕೋಶ ಇಡೀ ದೇಹವಲ್ಲ ಎಂಬುದು ನಿಜ. ಹೊಗೆಯಲ್ಲಿರುವ ಬೆಂಜೊಪೈರೀನ್ ಕಿಣ್ವಗಳಿಂದ ಮಾರ್ಪಟ್ಟ ಮೇಲಷ್ಟೇ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆ ಕಿಣ್ವಗಳಿಲ್ಲದ ಕೋಶದಲ್ಲಿ ಅದು ಸಾಧುವಾಗಿಯೇ ಕಾಣುತ್ತದೆ.

ಕೂಡಿಸಿ ನೋಡುವ ಪದ್ಧತಿ ಪ್ರಯೋಗಾಲಯಕ್ಕಷ್ಟೇ ಸೀಮಿತವೆಂದು ತಾವು ಭಾವಿಸಬಾರದು. ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ ಮಾರ್ಪಡುತ್ತದೆ. ನೈಟ್ರೈಟ್ ಕೆಂಪು ರಕ್ತಕಣಗಳ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಆದ್ದರಿಂದ ಕುಡಿಯುವ ನೀರಿನಲ್ಲಿ ಇವೆರಡನ್ನೂ ತಮ್ಮ ತಮ್ಮ ಮಿತಿಯಿಂದ ಭಾಗಿಸಿ ಬಂದ ಸಂಖ್ಯೆಗಳನ್ನು ಕೂಡಿಸಬೇಕು, ಮೊತ್ತ ಒಂದನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಲೀಟರಿಗೆ ನೈಟ್ರೇಟಿನ ಮಿತಿ 50 ಮಿಲಿಗ್ರಾಂ, ನೈಟ್ರೈಟಿನದು 3. ವರದಿಯೊಂದರಲ್ಲಿ ನೈಟ್ರೇಟ್ 35 ಮತ್ತು ನೈಟ್ರೈಟ್ 1.5 ಎಂದಿದ್ದರೆ ಎರಡರ ಮುಂದೆಯೂ "ಮಿತಿಯೊಳಗಿದೆ" ಎಂದೇ ಬರೆದಿರುತ್ತದೆ. ಭಾಗಿಸಿದರೆ 0.7 ಮತ್ತು 0.5, ಕೂಡಿದರೆ 1.2.

— ಸಂಪಾದಕ