ಹಳೆಯ ಸಿಟ್ರೊಯೆನ್ ಸಿಎಕ್ಸ್ ಕಾರನ್ನು ಕೊಳ್ಳಬಹುದೇ?

ನಿತ್ಯದ ಓಡಾಟಕ್ಕೆ ಇದೊಂದೇ ಕಾರು ಎಂದಾದರೆ ಬೇಡ. ಜೊತೆಗೆ ಇನ್ನೊಂದು ವಾಹನವಿದ್ದು, ಹತ್ತಿರದಲ್ಲಿ ಸಿಟ್ರೊಯೆನ್ ಬಲ್ಲ ಮೆಕ್ಯಾನಿಕ್ ಇದ್ದರೆ ಖಂಡಿತ ಕೊಳ್ಳಬಹುದು.

1974ರಿಂದ 1991ರವರೆಗೆ ತಯಾರಾದ, 1975ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿಕೊಂಡ ಈ ಫ್ರೆಂಚ್ ಸೆಡಾನ್ ಕಾರಿನ ಮುಖ್ಯ ಆಕರ್ಷಣೆ ಅದರ ಸಸ್ಪೆನ್ಷನ್, ಅಂದರೆ ರಸ್ತೆಯ ಕುಲುಕನ್ನು ಹೀರಿಕೊಳ್ಳುವ ವ್ಯವಸ್ಥೆ. ಉಕ್ಕಿನ ಸ್ಪ್ರಿಂಗ್‌ಗಳ ಬದಲು, ನೈಟ್ರೋಜನ್ ತುಂಬಿದ ಗೋಳಗಳೂ ಒತ್ತಡದಲ್ಲಿರುವ ಹಸಿರು ಖನಿಜ ತೈಲವೂ ಗಾಡಿಯನ್ನು ಹೊತ್ತಿರುವುದರಿಂದ, ಎಂಜಿನ್ ಚಾಲೂ ಮಾಡಿದಾಗ ಕುಗ್ಗಿ ಕುಳಿತಿದ್ದ ಕಾರು ನಿಧಾನವಾಗಿ ಮೇಲೇಳುತ್ತದೆ ಮತ್ತು ಹಿಂದೆ ಎಷ್ಟೇ ಭಾರ ಹೇರಿದರೂ ತನ್ನ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ದೂರದ ಹೆದ್ದಾರಿ ಪ್ರಯಾಣದಲ್ಲಿ ಇದರ ಸುಖಕ್ಕೆ ಸಾಟಿಯಾಗುವ ಆ ಕಾಲದ ಕಾರುಗಳು ಬಹಳ ವಿರಳ ಎಂಬುದು ನನ್ನ ಅಭಿಪ್ರಾಯ. ಒಂಟಿ ಕಡ್ಡಿಯ ಸ್ಟೀರಿಂಗ್ ಚಕ್ರ, ಒಳಬಾಗಿದ ಹಿಂಗಾಜು, ಒಂದೇ ವೈಪರ್ ಇವೂ ಸೊಗಸೇ. ಡಿರಾವಿ ಎಂಬ ಸಿಟ್ರೊಯೆನ್‌ನ ಪವರ್ ಸ್ಟೀರಿಂಗ್ ಇರುವ ಮಾದರಿಗಳಲ್ಲಿ, ಕೈ ಬಿಟ್ಟರೆ ಚಕ್ರ ತಾನಾಗಿಯೇ ನೇರಕ್ಕೆ ಮರಳುತ್ತದೆ. ಇದಕ್ಕೂ ಸೂಕ್ಷ್ಮವಾದ ಬ್ರೇಕಿಗೂ ಹೊಂದಿಕೊಳ್ಳಲು ಸಮಯ ಬೇಕು.

ಜನ ಹೈಡ್ರಾಲಿಕ್ಸ್‌ಗೆ, ಅಂದರೆ ತೈಲದ ಒತ್ತಡದಿಂದ ನಡೆಯುವ ಈ ವ್ಯವಸ್ಥೆಗೆ, ಹೆದರುತ್ತಾರೆ, ಆದರೆ ನಿಜವಾದ ಶತ್ರು ತುಕ್ಕು. ಅನಿಲ ಸೋರಿದ ಗೋಳವನ್ನು ಬಿಚ್ಚಿ ಬದಲಿಸುವುದು ಸುಲಭ. ತಳಭಾಗದ ತುಕ್ಕು ಹಿಡಿದ ಲೋಹವನ್ನು ಕತ್ತರಿಸಿ ಬೆಸುಗೆ ಹಾಕಿಸುವ ವೆಚ್ಚವಾದರೋ ಕಾರಿನ ಬೆಲೆಯನ್ನೇ ಮೀರಬಹುದು. ಆದ್ದರಿಂದ ಕೊಳ್ಳುವ ಮುನ್ನ ಅದನ್ನು ಲಿಫ್ಟ್ ಮೇಲೇರಿಸಿ, ಅಡಿಯಿಂದ ಪರೀಕ್ಷಿಸಿ.